ಫೈರ್‌ವಾಲ್ ರೀಸೆಟ್ ಮಾಡಿದ ಮೇಲೆ ಮತ್ತೆ ಒಳಗೆ ಹೋಗಿದ್ದು ಹೇಗೆ: ನನ್ನ ಅನುಭವ

ನಮ್ಮ ಫೈರ್‌ವಾಲ್‌ನ (ಇಂಟರ್ನೆಟ್‌ಗೂ ಒಳಗಿನ ನೆಟ್‌ವರ್ಕ್‌ಗೂ ನಡುವೆ ಕಾವಲು ನಿಲ್ಲುವ ಪೆಟ್ಟಿಗೆ) ಅಡ್ಮಿನ್ ಪಾಸ್‌ವರ್ಡ್ ಯಾರಿಗೂ ಗೊತ್ತಿರಲಿಲ್ಲ. ಅದನ್ನು ನೋಡಿಕೊಳ್ಳುತ್ತಿದ್ದವರು ಕೆಲಸ ಬಿಟ್ಟು ಹೋಗಿದ್ದರು. ಅವರು ಬರೆದಿಟ್ಟಿದ್ದ ಪಾಸ್‌ವರ್ಡ್ ಹಾಕಿದರೆ ತಗೊಳ್ಳುತ್ತಿರಲಿಲ್ಲ. ಪುಣ್ಯಕ್ಕೆ ಸರ್ವರ್‌ನಲ್ಲಿ ಅದರ ಸೆಟ್ಟಿಂಗ್‌ಗಳ ಒಂದು ಬ್ಯಾಕಪ್ ಫೈಲ್ ಸಿಕ್ಕಿತು. ಅದೊಂದನ್ನೇ ನಂಬಿಕೊಂಡು, ಎಲ್ಲರೂ ಮನೆಗೆ ಹೋದ ಮೇಲೆ ಆ ಫೈರ್‌ವಾಲನ್ನು (ಫೋರ್ಟಿಗೇಟ್ 60ಎಫ್ ಮಾಡೆಲ್) ಫ್ಯಾಕ್ಟರಿ ರೀಸೆಟ್ ಮಾಡಿದೆ, ಅಂದರೆ ಕಾರ್ಖಾನೆಯಿಂದ ಬಂದ ಸ್ಥಿತಿಗೆ ತಂದೆ.

ರೀಸೆಟ್ ಆಯಿತು. ಆದರೆ ಒಳಗೆ ಹೋಗೋಕೆ ಆಗಲಿಲ್ಲ.

ರೀಸೆಟ್ ಆದ ಫೋರ್ಟಿಗೇಟ್‌ನ ಐಪಿ, ಅಂದರೆ ನೆಟ್‌ವರ್ಕ್ ವಿಳಾಸ, 192.168.1.99. ಯೂಸರ್ ಅಡ್ಮಿನ್, ಪಾಸ್‌ವರ್ಡ್ ಖಾಲಿ. ಇಷ್ಟು ನನಗೆ ಗೊತ್ತಿತ್ತು. (ಬೇರೆ ಕಂಪನಿಯವು ಬೇರೆ ಬೇರೆ ಇರುತ್ತವೆ.) ಲ್ಯಾಪ್‌ಟಾಪ್‌ಗೆ 192.168.1.10 ಅಂತ ಕೈಯಾರೆ ಐಪಿ ಕೊಟ್ಟು, ಮಾಸ್ಕ್ 255.255.255.0 (ಎರಡೂ ಒಂದೇ 192.168.1 ಸರಣಿಯಲ್ಲಿವೆ ಅಂತ ಹೇಳುವ ಸಂಖ್ಯೆ) ಹಾಕಿ, ಕೇಬಲ್ ಚುಚ್ಚಿ ಬ್ರೌಸರ್ ತೆರೆದೆ. ಪುಟ ಬರಲಿಲ್ಲ. ಫೈರ್‌ವಾಲ್ ಉತ್ತರ ಕೊಡುತ್ತದಾ ಅಂತ ಪಿಂಗ್ ಮಾಡಿದೆ. ಡೆಸ್ಟಿನೇಷನ್ ಹೋಸ್ಟ್ ಅನ್‌ರೀಚಬಲ್, ಅಂದರೆ ಆ ವಿಳಾಸ ಸಿಗುತ್ತಿಲ್ಲ.

ಕೇಬಲ್ ಬದಲಾಯಿಸಿದೆ, ಪೋರ್ಟ್ ಬದಲಾಯಿಸಿದೆ. ಒಂದು ಸಲ ಎ ಅಂತ ಬರೆದಿರುವ ಪೋರ್ಟ್‌ಗೂ ಹಾಕಿ ನೋಡಿದೆ. ಈ ಮಾಡೆಲ್‌ನಲ್ಲಿ ಎ ಮತ್ತು ಬಿ ಇರೋದು ಫೋರ್ಟಿಲಿಂಕ್‌ಗೆ (ಅದೇ ಕಂಪನಿಯ ಸ್ವಿಚ್ ಜೋಡಿಸೋಕೆ), ಅಲ್ಲಿ 192.168.1.99 ಸಿಗೋದಿಲ್ಲ. 1ರಿಂದ 5ರವರೆಗಿನ ಪೋರ್ಟ್‌ನಲ್ಲೇ ಹಾಕಬೇಕು. ಹೀಗೇ ಮುಕ್ಕಾಲು ಗಂಟೆ ಹೋಯಿತು. ಮತ್ತೊಮ್ಮೆ ರೀಸೆಟ್ ಮಾಡಿಬಿಡೋಣ ಅಂತಲೂ ಅನ್ನಿಸಿತ್ತು.

ಆಮೇಲೆ ಪಿಂಗ್‌ನ ಉತ್ತರವನ್ನು ಸರಿಯಾಗಿ ಓದಿದೆ. ಅಲ್ಲಿ ಇದ್ದದ್ದು 'ರಿಪ್ಲೈ ಫ್ರಂ 192.168.1.34' ಅಂತ. ನಾನು ಲ್ಯಾಪ್‌ಟಾಪ್‌ಗೆ ಕೊಟ್ಟಿದ್ದು 10, ಫೈರ್‌ವಾಲ್‌ನದು 99. ಹಾಗಾದರೆ ಈ 34 ಯಾರದ್ದು? ನೋಡಿದರೆ ನನ್ನದೇ ವೈಫೈ ವಿಳಾಸ! ಮಾಹಿತಿ ಹುಡುಕೋಕೆ ಬೇಕಲ್ಲ ಅಂತ ಇಂಟರ್ನೆಟ್ ಲೈನಿನ ರೌಟರ್ ವೈಫೈಗೆ ಕನೆಕ್ಟ್ ಆಗಿದ್ದೆ, ಆ ರೌಟರ್ ಕೂಡ 192.168.1 ಸರಣಿಯ ವಿಳಾಸವನ್ನೇ ಹಂಚುತ್ತಿತ್ತು. ನನ್ನ ಲ್ಯಾಪ್‌ಟಾಪ್‌ನಲ್ಲಿ ಕೇಬಲ್ ಪೋರ್ಟ್ ಇಲ್ಲ, ಹಳೆಯ 100 ಎಂಬಿಪಿಎಸ್ ಯುಎಸ್‌ಬಿ ಅಡಾಪ್ಟರ್ ಹಾಕಿದ್ದೆ. ವೈಫೈ ಅದಕ್ಕಿಂತ ಎಷ್ಟೋ ವೇಗ. ಎರಡೂ ಕಡೆ ಒಂದೇ ಸರಣಿ ಇದ್ದಾಗ ವಿಂಡೋಸ್ ವೇಗದ ದಾರಿಗೆ ಜಾಸ್ತಿ ಮಣೆ ಹಾಕುತ್ತದೆ. ನನ್ನ ಪಿಂಗ್ ಒಂದೂ ಕೇಬಲ್ ಕಡೆ ಹೋಗಿರಲೇ ಇಲ್ಲ.

ವೈಫೈ ಆಫ್ ಮಾಡಿದೆ. ಇಂಟರ್ನೆಟ್ ಲೈನ್ ಫೈರ್‌ವಾಲ್‌ಗೆ ಬರುವ ವ್ಯಾನ್ ಕೇಬಲನ್ನೂ ಕಿತ್ತಿಟ್ಟೆ. ಒಳಗೂ ಹೊರಗೂ ಒಂದೇ ಸರಣಿ ಇದ್ದರೆ ಫೈರ್‌ವಾಲ್‌ಗೂ ಅದೇ ಗೊಂದಲ ಅಲ್ವಾ.

ಇಷ್ಟು ಹೊತ್ತಿಗೆ ಅಂದಾಜಿನ ಮೇಲೆ ಕೆಲಸ ಮಾಡೋದು ಸಾಕು ಅನ್ನಿಸಿತ್ತು, ಹಾಗಾಗಿ ಬ್ರೌಸರ್‌ಗೆ ಹೋಗುವ ಮೊದಲು ಕನ್ಸೋಲ್ ಕೇಬಲ್ (ನೆಟ್‌ವರ್ಕ್ ಇಲ್ಲದೆ ಲ್ಯಾಪ್‌ಟಾಪನ್ನು ನೇರವಾಗಿ ಫೈರ್‌ವಾಲ್‌ಗೆ ಜೋಡಿಸುವ ಕೇಬಲ್) ಹಾಕಿದೆ. ಇದನ್ನೇ ಮೊದಲು ಮಾಡಬೇಕಿತ್ತು. ಕನ್ಸೋಲ್‌ಗೆ ಐಪಿ ಬೇಡ, ಸರಣಿ ಬೇಡ, ಏನೂ ಬೇಡ. ಪುಟ್ಟಿ (PuTTY) ಅನ್ನೋ ಪ್ರೋಗ್ರಾಂನಲ್ಲಿ ಸೀರಿಯಲ್ ಆರಿಸಿ, ವೇಗ 9600, ಡೇಟಾ ಬಿಟ್ 8, ಪ್ಯಾರಿಟಿ ಇಲ್ಲ, ಸ್ಟಾಪ್ ಬಿಟ್ 1, ಫ್ಲೋ ಕಂಟ್ರೋಲ್ 'None' (ಬೇಡ) ಅಂತ ಇಡಬೇಕು. ಪರದೆ ಮೇಲೆ ಅರ್ಥವಿಲ್ಲದ ಚಿಹ್ನೆಗಳು ಬಂದರೆ ವೇಗ ತಪ್ಪಿದೆ ಅಂತ ಲೆಕ್ಕ. ಏನೂ ಬರದಿದ್ದರೆ ಒಂದೆರಡು ಸಲ ಎಂಟರ್ ಒತ್ತಿ ನೋಡಿ.

ಲಾಗಿನ್ ಕೇಳಿತು. ಅಡ್ಮಿನ್ ಅಂತ ಕೊಟ್ಟು, ಪಾಸ್‌ವರ್ಡ್ ಜಾಗದಲ್ಲಿ ಸುಮ್ನೆ ಎಂಟರ್ ಒತ್ತಿದೆ. ಕೂಡಲೇ ಹೊಸ ಪಾಸ್‌ವರ್ಡ್ ಇಡು ಅಂತು. ಆ ಸಾಲು ಕಂಡಾಗ ಆದ ಸಮಾಧಾನ ಅಷ್ಟಿಷ್ಟಲ್ಲ. ಪಾಸ್‌ವರ್ಡ್ ಇಟ್ಟು, 'ಶೋ ಸಿಸ್ಟಮ್ ಇಂಟರ್‌ಫೇಸ್' ಅಂತ ಆಜ್ಞೆ ಕೊಟ್ಟೆ. ಇಂಟರ್ನಲ್ (1ರಿಂದ 5ರವರೆಗಿನ ಪೋರ್ಟ್‌ಗಳು) ಎದುರು 192.168.1.99 ಇತ್ತು, ಪಿಂಗ್ ಮತ್ತು ಎಚ್‌ಟಿಟಿಪಿಎಸ್ ಎರಡಕ್ಕೂ ಅನುಮತಿ ಇತ್ತು. ಈಗ ಬ್ರೌಸರ್ ತೆರೆದರೆ ಸರ್ಟಿಫಿಕೇಟ್ ಎಚ್ಚರಿಕೆ ಬಂತು. ಪೆಟ್ಟಿಗೆ ತಾನೇ ತಯಾರಿಸಿಕೊಂಡ ಸರ್ಟಿಫಿಕೇಟ್ ಅದು, ಹಾಗಾಗಿ ಬಂದೇ ಬರುತ್ತದೆ, ದಾಟಿ ಮುಂದೆ ಹೋದೆ. ಪುಟ ತೆರೆಯಿತು. ಇಲ್ಲಿ ಒಂದು ಮಾತು: ಪಾಸ್‌ವರ್ಡ್ 3 ಸಲ ತಪ್ಪಾದರೆ 60 ಸೆಕೆಂಡ್ ಬಾಗಿಲು ಮುಚ್ಚುತ್ತದೆ. ಆಗ ಗಾಬರಿಯಾಗಿ ಒತ್ತುತ್ತಾ ಹೋಗಬೇಡಿ, ಕಾಯಿರಿ.

ಇನ್ನೇನು ಬ್ಯಾಕಪ್ ಹಾಕಿದರೆ ಮುಗಿಯಿತು ಅಂತ ರಿಸ್ಟೋರ್ ಒತ್ತೋಕೆ ಹೋಗಿ ಕೈ ತಡೆದೆ. ಆ ಬ್ಯಾಕಪ್‌ನಲ್ಲಿ ಹಳೆಯ ಪಾಸ್‌ವರ್ಡ್ ಕೂಡ ಇದೆಯಲ್ಲ! ಯಾವ ಬೀಗ ಒಡೆಯೋಕೆ ರೀಸೆಟ್ ಮಾಡಿದೆನೋ ಅದೇ ಬೀಗವನ್ನು ನಾನೇ ಮತ್ತೆ ಹಾಕುತ್ತಿದ್ದೆ.

ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದೆ. ಬ್ಯಾಕಪ್ ತೆಗೆಯುವಾಗ ಪಾಸ್‌ವರ್ಡ್ ಹಾಕಿ ಎನ್‌ಕ್ರಿಪ್ಟ್ ಮಾಡಿದ್ದರೆ ಏನೂ ಓದೋಕೆ ಆಗುತ್ತಿರಲಿಲ್ಲ, ನಮ್ಮದು ಮಾಮೂಲಿ ಅಕ್ಷರಗಳಲ್ಲೇ ಇತ್ತು. ಮೊದಲ ಸಾಲಿನಲ್ಲಿ ಮಾಡೆಲ್ ಮತ್ತು ಫರ್ಮ್‌ವೇರ್ (ಪೆಟ್ಟಿಗೆಯನ್ನು ನಡೆಸುವ ಒಳಗಿನ ಸಾಫ್ಟ್‌ವೇರ್) ಆವೃತ್ತಿ ಇರುತ್ತದೆ, ಅವೆರಡೂ ಪೆಟ್ಟಿಗೆಗೆ ಹೊಂದುತ್ತವಾ ಅಂತ ಮೊದಲು ನೋಡಿಕೊಂಡೆ. ರೀಸೆಟ್‌ನಿಂದ ಫರ್ಮ್‌ವೇರ್ ಬದಲಾಗೋದಿಲ್ಲ, ಆದ್ದರಿಂದ ಸರಿ ಹೊಂದಿತು. ಕೆಳಗೆ ಹೋದರೆ 'ಕಾನ್ಫಿಗ್ ಸಿಸ್ಟಮ್ ಅಡ್ಮಿನ್' ಅನ್ನೋ ಭಾಗ. ಅಲ್ಲಿ ಸೆಟ್ ಪಾಸ್‌ವರ್ಡ್, ಅದರ ಮುಂದೆ ಇಎನ್‌ಸಿ, ಆಮೇಲೆ ಉದ್ದಕ್ಕೆ ಗಜಿಬಿಜಿ ಅಕ್ಷರಗಳು. ಇಎನ್‌ಸಿಯಿಂದ ಸಾಲಿನ ಕೊನೆಯವರೆಗೆ ಅಳಿಸಿ, ಆ ಜಾಗದಲ್ಲಿ ನನ್ನ ಹೊಸ ಪಾಸ್‌ವರ್ಡನ್ನು ಹಾಗೇ ಬರೆದೆ. ಅದರ ಪಕ್ಕದಲ್ಲೇ ಟ್ರಸ್ಟ್‌ಹೋಸ್ಟ್ ಅಂತ ಎರಡು ಸಾಲು ಇದ್ದವು, ಅಂದರೆ ಅಡ್ಮಿನ್ ಆಗಿ ಆ ಎರಡು ಕಂಪ್ಯೂಟರ್‌ನಿಂದ ಮಾತ್ರ ಬರಬಹುದು. ಅವನ್ನು ಹಾಗೇ ಬಿಟ್ಟಿದ್ದರೆ ಪಾಸ್‌ವರ್ಡ್ ಸರಿ ಇದ್ದರೂ ನನ್ನ ಲ್ಯಾಪ್‌ಟಾಪ್ ಹೊರಗೇ ನಿಲ್ಲುತ್ತಿತ್ತು. ಅವನ್ನೂ ತೆಗೆದೆ. ಇನ್ನೂ ಮೇಲೆ ಗ್ಲೋಬಲ್ ಭಾಗದಲ್ಲಿ ಅಡ್ಮಿನ್ ಪೋರ್ಟ್ (ಬ್ರೌಸರ್‌ನಲ್ಲಿ ವಿಳಾಸದ ಕೊನೆಗೆ ಹಾಕುವ ಸಂಖ್ಯೆ) 8443 ಅಂತ ಇತ್ತು, ಅದನ್ನು ಬರೆದಿಟ್ಟುಕೊಂಡೆ. ಇಷ್ಟನ್ನೂ ಮಾಡಿದ್ದು ಫೈಲಿನ ಪ್ರತಿಯಲ್ಲಿ, ಮೂಲ ಫೈಲ್ ಮುಟ್ಟಲಿಲ್ಲ.

ರಿಸ್ಟೋರ್ ಕೊಟ್ಟೆ. ಪೆಟ್ಟಿಗೆ ರೀಬೂಟ್ ಆಯಿತು. ಬ್ರೌಸರ್ ಮತ್ತೆ ಖಾಲಿ, ಆದರೆ ಈ ಸಲ ಯಾಕೆ ಅಂತ ಗೊತ್ತಿತ್ತು. ವಿಳಾಸ ಈಗ ನಮ್ಮ ಹಳೆಯ ಸರಣಿಗೆ ಹೋಗಿದೆ. ಲ್ಯಾಪ್‌ಟಾಪ್ ಐಪಿಯನ್ನು ಮತ್ತೆ ಆಟೊಮ್ಯಾಟಿಕ್‌ಗೆ ಹಾಕಿ, ಹಳೆಯ ವಿಳಾಸದ ಕೊನೆಗೆ :8443 ಸೇರಿಸಿ ತೆರೆದೆ. ಒಳಗೆ ಹೋದೆ. ನಿಯಮಗಳು, ವಿಪಿಎನ್ (ಮನೆಯಿಂದ ಆಫೀಸ್ ನೆಟ್‌ವರ್ಕ್‌ಗೆ ಬರುವ ಸುರಕ್ಷಿತ ದಾರಿ), ಎಲ್ಲಾ ಹೇಗಿತ್ತೋ ಹಾಗೇ ಇದ್ದವು.

ವ್ಯಾನ್ ಕೇಬಲ್ ಮತ್ತೆ ಹಾಕಿದೆ. ಸಹೋದ್ಯೋಗಿ ಮನೆಯಿಂದ ಫೋನ್ ಮಾಡಿ "ವಿಪಿಎನ್ ಬಂತು ಸರ್, ನೀವು ಹೊರಡಿ ಇನ್ನು" ಅಂದರು. ಹೊರಡುವ ಮುಂಚೆ ಎರಡು ಕೆಲಸ ಬಾಕಿ ಇತ್ತು. ಪಾಸ್‌ವರ್ಡ್ ಬರೆದಿದ್ದ ಆ ಪ್ರತಿಯನ್ನು ಅಳಿಸಿ, ಫೈರ್‌ವಾಲ್‌ನಲ್ಲಿ ಬೇರೆ ಪಾಸ್‌ವರ್ಡ್ ಇಟ್ಟೆ. ಟ್ರಸ್ಟ್‌ಹೋಸ್ಟ್ ಸಾಲುಗಳನ್ನು ಈಗಿರುವ ಕಂಪ್ಯೂಟರ್‌ಗಳಿಗೆ ಹೊಂದಿಸಿ, ಹೊಸದಾಗಿ ಒಂದು ಬ್ಯಾಕಪ್ ತೆಗೆದೆ. ಕನ್ಸೋಲ್ ಕೇಬಲ್ ಈಗ ರ್‍ಯಾಕ್‌ನಲ್ಲೇ, ಫೈರ್‌ವಾಲ್ ಪಕ್ಕದಲ್ಲೇ ಕಟ್ಟಿಟ್ಟಿದ್ದೇನೆ.