ಬಂಡೆ ಮುಂದೆ ಇಂಟರ್ವ್ಯೂ: ನಮ್ಮ ಸಣ್ಣ ಕಾಲೇಜಿಗೆ ಭೂವಿಜ್ಞಾನದ ಮೇಷ್ಟ್ರು ಸಿಕ್ಕಿದ್ದು ಹೀಗೆ

ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಲಿಬರಲ್ ಆರ್ಟ್ಸ್ ಕಾಲೇಜಿನಲ್ಲಿ, ಅಂದರೆ ಕಲೆ, ವಿಜ್ಞಾನ ಎರಡನ್ನೂ ಪದವಿ ಮಟ್ಟದಲ್ಲಿ ಕಲಿಸುವ ಕಾಲೇಜಿನಲ್ಲಿ, ನಾನು ಭೂವಿಜ್ಞಾನ ಕಲಿಸುತ್ತೇನೆ. ಇಡೀ ಕಾಲೇಜಿಗೆ ಸುಮಾರು ಒಂದೂವರೆ ಸಾವಿರ ವಿದ್ಯಾರ್ಥಿಗಳು, ನಮ್ಮ ವಿಭಾಗದಲ್ಲಿ ಖಾಯಂ ಆಗಿ ಇರುವವರು ನಾಲ್ಕೇ ಜನ. ಒಬ್ಬರು ನಿವೃತ್ತರಾದರೆ ಕಾಲು ಭಾಗ ವಿಭಾಗವೇ ಹೋದಂತೆ. ಅಂಥ ಒಂದು ಹುದ್ದೆ ತುಂಬಲು ನಾವು ವರ್ಷಗಟ್ಟಲೆ ಒದ್ದಾಡಿದೆವು. ಕೊನೆಗೆ ಸಿಕ್ಕವರು ಈಗ ಮೂರನೇ ವರ್ಷದ ರಿವ್ಯೂ (ಖಾಯಂ ಆಗುವ ಮೊದಲಿನ ಮೌಲ್ಯಮಾಪನ) ದಾಟಿದ್ದಾರೆ. ಭೂವಿಜ್ಞಾನವನ್ನೇ ಮೇಜರ್, ಅಂದರೆ ಮುಖ್ಯ ವಿಷಯವಾಗಿ ತೆಗೆದುಕೊಳ್ಳುವ ಮಕ್ಕಳು ಹೆಚ್ಚುಕಮ್ಮಿ ಒಂದೂವರೆ ಪಟ್ಟು ಆಗಿದ್ದಾರೆ. ಅಭ್ಯರ್ಥಿಗಳನ್ನು ಬಂಡೆ ಮುಂದೆ ನಿಲ್ಲಿಸಿ ಸಂದರ್ಶನ ಮಾಡ್ತೀವಿ ಅಂದಾಗ ‘ಇದೆಲ್ಲ ಆಗೋ ಮಾತಲ್ಲ’ ಅಂದವರೇ ಈಗ ನಮ್ಮ ಸಂದರ್ಶನದ ವೇಳಾಪಟ್ಟಿ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಮೇಷ್ಟ್ರನ್ನು ಆರಿಸುವ ಸರ್ಚ್ ಕಮಿಟಿಯಲ್ಲಿ ಕೂತು ಅನುಭವ ಇರುವವರಿಗೆ ಶಾರ್ಟ್‌ಲಿಸ್ಟು, ಸ್ಕೋರ್ ಶೀಟು ಇದೆಲ್ಲ ಬಿಡಿಸಿ ಹೇಳಬೇಕಾಗಿಲ್ಲ.

ಮೊದಲು ಎಲ್ಲರ ಹಾಗೇ ಮಾಡಿದೆವು. ಅಕ್ಟೋಬರ್‌ನಲ್ಲಿ ಜಾಹೀರಾತು, ಫೆಬ್ರವರಿಯಲ್ಲಿ ಕ್ಯಾಂಪಸ್ ಭೇಟಿ, ಒಂದು ಗಂಟೆಯ ಸೆಮಿನಾರ್. ಸಂಶೋಧನಾ ಪೇಪರ್ ಜಾಸ್ತಿ ಇದ್ದವರಿಗೆ ಆಫರ್ ಕೊಟ್ಟೆವು. ಹೊಸಬರು ಲ್ಯಾಬ್ ಹೂಡಲು ನಾವು ಕೊಡುವ ಸ್ಟಾರ್ಟಪ್ ಹಣ ಆಗ 60,000 ಡಾಲರ್ ಆಸುಪಾಸು. ದೊಡ್ಡ ವಿಶ್ವವಿದ್ಯಾಲಯವೊಂದು ಅದರ ಹತ್ತು ಪಟ್ಟು ಕೊಡ್ತೀನಿ ಅಂತು. ಏಪ್ರಿಲ್‌ನಲ್ಲಿ ‘ಕ್ಷಮಿಸಿ’ ಅಂತ ಮೇಲ್ ಬಂತು. ಅಷ್ಟು ಹೊತ್ತಿಗೆ ಪಟ್ಟಿಯಲ್ಲಿದ್ದ ಉಳಿದವರೂ ಬೇರೆ ಕಡೆ ಸೇರಿಯಾಗಿತ್ತು. ಇನ್ನೊಂದು ಸಲ ಆಯ್ಕೆಯಾದವರು ಬಂದರು, ಎರಡು ವರ್ಷ ಇದ್ದರು, ಹೋದರು. ವಾರಕ್ಕೆ ಎರಡು ಲ್ಯಾಬು, ಜೊತೆಗೆ ವಿಜ್ಞಾನದ ಗಂಧವೇ ಇಲ್ಲದ ಮಕ್ಕಳಿಗೆ ಮೊದಲ ಕೋರ್ಸು, ಅವರಿಗೆ ಒಗ್ಗಲಿಲ್ಲ. ಅವರಿಗಾಗಿ ಕೊಂಡ ಕುಲುಮೆ ಇವತ್ತಿಗೂ ನೆಲಮಾಳಿಗೆಯಲ್ಲಿದೆ. ಮೂರು ಜನರನ್ನು ಕರೆಸಿದರೆ ವಿಮಾನ, ಹೋಟೆಲು, ಊಟ ಸೇರಿ 5,000ದಿಂದ 6,000 ಡಾಲರ್ ಖರ್ಚು. ಹುಡುಕಾಟ ಕೈಕೊಟ್ಟರೆ ಆ ದುಡ್ಡಂತೂ ಹೋಯಿತು, ಹುದ್ದೆಯೇ ಉಳಿಯುತ್ತೆ ಅನ್ನುವ ಭರವಸೆಯೂ ಇಲ್ಲ. 2014ರ ಕೊನೆಯಲ್ಲಿ ತೈಲದ ಬೆಲೆ ಕುಸಿದ ಮೇಲೆ ಇಲ್ಲಿ ಭೂವಿಜ್ಞಾನ ಓದುವವರು ಕಡಿಮೆಯಾದರು. ಖಾಲಿ ಹುದ್ದೆ ಕಂಡರೆ ಕಂಪ್ಯೂಟರ್ ಸೈನ್ಸ್‌ನವರು ಕೇಳದೆ ಬಿಡ್ತಾರಾ?

ಆಮೇಲೆ ನಾನು ಹಟ ಹಿಡಿದು ಕ್ರಮವನ್ನೇ ಬದಲಿಸಿದೆ.

ಮೊದಲನೆಯದು ದುಡ್ಡು. ಸಂಬಳ, ಸ್ಟಾರ್ಟಪ್, ವಾರದ ಪಾಠದ ಗಂಟೆ ಎಲ್ಲವನ್ನೂ ಜಾಹೀರಾತಿನಲ್ಲೇ ಹಾಕಿದೆವು. ನ್ಯೂಯಾರ್ಕ್, ಕೊಲರಾಡೊದಲ್ಲಿ ಸಂಬಳ ಹಾಕಬೇಕು ಅಂತ ಕಾನೂನೇ ಇದೆ. ನಮ್ಮ ರಾಜ್ಯದಲ್ಲಿ ಇಲ್ಲ, ಹಾಗಾಗಿ ಎಚ್‌ಆರ್‌ನವರು ಒಪ್ಪಲಿಲ್ಲ. ಡೀನ್ ಹತ್ತಿರ ಕೂತು ಒಪ್ಪಿಸಬೇಕಾಯಿತು. ಸ್ಟಾರ್ಟಪ್‌ಗೆ 85,000 ಸಿಕ್ಕಿತು. ಕೈಯಲ್ಲಿ ಹಿಡಿಯುವ ಎಕ್ಸ್‌ಆರ್‌ಎಫ್ ಯಂತ್ರಕ್ಕೆ (ಎಕ್ಸ್‌ರೇ ಬಿಟ್ಟು ವಸ್ತುವಿನಲ್ಲಿ ಯಾವ ಧಾತುಗಳಿವೆ ಅಂತ ಹೇಳುವ ಯಂತ್ರ) ಕೆಮಿಸ್ಟ್ರಿಯವರೂ ಕಾಲೇಜಿನ ಕಲಾ ಸಂಗ್ರಹಾಲಯದವರೂ ಪಾಲು ಹಾಕಿದರು. ಒಂದಕ್ಕೆ ಹತ್ತಾರು ಸಾವಿರ ಡಾಲರ್ ಬೀಳುತ್ತೆ. ಕಲ್ಲಿನ ಜೊತೆ ಹಳೇ ವರ್ಣಚಿತ್ರದ ಬಣ್ಣವನ್ನೂ ಅದರಲ್ಲೇ ನೋಡಬಹುದಲ್ವಾ! ಆ ಪಾಲು ಹೇಗೆ ಕುದುರಿಸಿದೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ.

ಅರ್ಜಿ ಅರ್ಧಕ್ಕರ್ಧ ಇಳಿಯುತ್ತೆ ಅಂತ ಹೆದರಿಸಿದ್ದರು. ಇಳಿದಿದ್ದು ನಿಜ, 90ರ ಸುಮಾರು ಬರುತ್ತಿದ್ದದ್ದು 60ಕ್ಕೆ ಬಂತು. ಆದರೆ ಆ 60 ಜನ ನಮ್ಮಲ್ಲಿಗೇ ಬರಬೇಕು ಅಂತ ಹಾಕಿದವರು. ಸಂಶೋಧನಾ ಹೇಳಿಕೆ ಬೇಡ ಅಂದೆವು. ಬದಲಿಗೆ ಒಂದೇ ಪುಟ: ‘ಇಬ್ಬರು ಪದವಿ ವಿದ್ಯಾರ್ಥಿಗಳು, ಒಂದು ಬೇಸಿಗೆ, ಇಷ್ಟು ದುಡ್ಡು, ಏನು ಮಾಡಿಸ್ತೀರಿ?’ ಪಿಎಚ್‌ಡಿ ವಿದ್ಯಾರ್ಥಿಗಳೇ ಇಲ್ಲದ ಕಡೆ ಕೆಲಸ ಮಾಡಬಲ್ಲವರು ಯಾರು ಅಂತ ಆ ಪುಟದಲ್ಲೇ ತಿಳಿಯಿತು. ಕೆಲವರು ಪದವಿ ವಿದ್ಯಾರ್ಥಿಗಳಿಂದ ಸಂಶೋಧನೆ ಮಾಡಿಸಲು 1987ರಲ್ಲಿ ಶುರುವಾದ ಕಾಲೇಜುಗಳ ಒಕ್ಕೂಟ ಕೆಕ್ ಜಿಯಾಲಜಿ ಕನ್ಸಾರ್ಟಿಯಂ ಬಗ್ಗೆ ತಿಳಿದುಕೊಂಡು ಬರೆದಿದ್ದರು. ಅಂಥವರ ಹೆಸರು ಮೇಲಕ್ಕೆ ಹೋಯಿತು.

ಎರಡನೆಯದು ಕ್ಯಾಲೆಂಡರ್. ಫೆಬ್ರವರಿಯಲ್ಲಿ ಇಲ್ಲಿ ಬಂಡೆಯೆಲ್ಲ ಹಿಮದ ಕೆಳಗೆ. ಆಗಸ್ಟ್‌ನಲ್ಲೇ ಜಾಹೀರಾತು ಕೊಟ್ಟು, ಅಕ್ಟೋಬರ್ ಕೊನೆ, ನವೆಂಬರ್ ಮೊದಲ ವಾರದಲ್ಲಿ ಜನರನ್ನು ಕರೆಸಿದೆವು. ಡಿಸೆಂಬರ್‌ನ ಎಜಿಯು (ಅಮೆರಿಕನ್ ಜಿಯೊಫಿಸಿಕಲ್ ಯೂನಿಯನ್) ಸಮ್ಮೇಳನಕ್ಕೆ ಮೊದಲೇ ಆಫರ್ ಹೋಗಬೇಕು ಅನ್ನೋದು ಲೆಕ್ಕ. ‘ದೊಡ್ಡವರ ಆಫರ್ ಬರೋವರೆಗೆ ನಿಮ್ಮನ್ನು ಕಾಯಿಸ್ತಾರೆ’ ಅಂತ ಹಿರಿಯ ಸಹೋದ್ಯೋಗಿಯೊಬ್ಬರು ಎಚ್ಚರಿಸಿದರು. ಉತ್ತರಕ್ಕೆ ಎರಡು ವಾರ ಕೊಟ್ಟಿದ್ದೆವು. ಹತ್ತನೇ ದಿನಕ್ಕೇ ಬಂತು.

ಎಲ್ಲಕ್ಕಿಂತ ಮುಖ್ಯವಾದದ್ದು ಬಂಡೆ. ಸೆಮಿನಾರನ್ನು ಅರ್ಧ ಗಂಟೆಗೆ ಇಳಿಸಿ, ಉಳಿದ ಹೊತ್ತಿನಲ್ಲಿ ಮೊದಲ ವರ್ಷದ ಲ್ಯಾಬಿನ ಮಕ್ಕಳ ಜೊತೆ ಅಭ್ಯರ್ಥಿಯನ್ನು ವ್ಯಾನ್‌ನಲ್ಲಿ ಕೂರಿಸಿ ಹೊರಟೆವು. ಇಲ್ಲಿನ ಗುಡ್ಡಗಳ ಬೆನ್ನೆಲ್ಲ ಟಸ್ಕರೋರಾ ಮರಳುಗಲ್ಲು, 44 ಕೋಟಿ ವರ್ಷದ ಹಿಂದಿನದು. ಹೆದ್ದಾರಿ ಪಕ್ಕ ನಿಲ್ಲಿಸುವ ಹಾಗಿಲ್ಲ, ಅದಕ್ಕೆ ಹಳೇ ಕ್ವಾರಿಯೊಂದರ ಮಾಲೀಕರ ಒಪ್ಪಿಗೆ ಪಡೆದಿದ್ದೆ. ಹೆಲ್ಮೆಟ್, ಹೊಳೆಯುವ ಜಾಕೆಟ್ ಎಲ್ಲರಿಗೂ. ನಡೆಯಲು ಕಷ್ಟ ಇರುವವರೂ ಬರಬಹುದು ಅಂತ, ವ್ಯಾನ್ ಬಂಡೆಯ ಬುಡದವರೆಗೆ ಹೋಗುವ ಜಾಗವನ್ನೇ ಆರಿಸಿದ್ದೆವು. ಯಾವ ಕಲ್ಲು ಅಂತ ಅಭ್ಯರ್ಥಿಗೆ ಮೊದಲೇ ಹೇಳುವುದಿಲ್ಲ.

ಒಬ್ಬರು ಇಳಿದ ಕೂಡಲೇ ಭಾಷಣ ಶುರು ಮಾಡಿದರು. ಒಳ್ಳೇ ಭಾಷಣವೇ. ಆದರೆ ಮಕ್ಕಳ ಕೈ ಜೇಬಿನಿಂದ ಹೊರಗೆ ಬರಲಿಲ್ಲ.

ಇನ್ನೊಬ್ಬರು ಜ್ವಾಲಾಮುಖಿ ಶಿಲೆಗಳ ರಸಾಯನದವರು. ಇಳಿದರು, ಸುಮ್ನೆ ನಿಂತರು. ಕುತ್ತಿಗೆಯಲ್ಲಿದ್ದ ಲೆನ್ಸ್ ಬಿಚ್ಚಿ ಹತ್ತಿರ ಇದ್ದ ಹುಡುಗಿಯ ಕೈಗೆ ಕೊಟ್ಟರು. ‘ಏನು ಕಾಣುತ್ತೆ?’ ಅವಳು ಬಾಟಲಿಯ ನೀರು ಸುರಿದಳು. ಒದ್ದೆ ಕಲ್ಲಿನ ಮೇಲೆ ಬೆರಳು ದಪ್ಪದ, ಉಬ್ಬಿದ, ಉಂಗುರ ಉಂಗುರವಾದ ಗೆರೆಗಳು ಎದ್ದು ಕಂಡವು. ಅದು ಆರ್ಥ್ರೋಫೈಕಸ್, ಪ್ರಾಣಿಗಳು ಕೊರೆದುಕೊಂಡು ಹೋದ ಜಾಡು. ‘ನನಗೂ ಇದು ಏನಂತ ಗೊತ್ತಿಲ್ಲ’ ಅಂದರು ಅವರು. ‘ಈ ಪದರದ ಮೇಲ್ಭಾಗ ಯಾವುದು ಅಂತ ಮೊದಲು ಹುಡುಕೋಣ.’ ಮಕ್ಕಳು ಕಲ್ಲಿನೊಳಗೆ ಮರಳು ಓರೆಯಾಗಿ ಕೂತ ಅಡ್ಡಪದರಗಳ ಬಾಗು ನೋಡಿ, ಜಗಳ ಆಡಿ, ನಾವು ನೋಡುತ್ತಿರುವುದು ಪದರದ ಅಡಿ ಅಂತ ತೀರ್ಮಾನಿಸಿದರು. ಈ ಜಾಡು ಸಾಮಾನ್ಯವಾಗಿ ಉಬ್ಬಿ ಕಾಣುವುದೇ ಪದರದ ಅಡಿಯಲ್ಲಿ. ವ್ಯಾನ್ ಹತ್ತಲು ಕರೆದರೆ ಇಬ್ಬರು ಬರಲೊಲ್ಲರು. ನನಗೆ ಅಲ್ಲೇ ಗೊತ್ತಾಯಿತು.

ಆಮೇಲೆ ಮಕ್ಕಳಿಗೆ ಎರಡು ಪ್ರಶ್ನೆಯ ಚೀಟಿ ಕೊಡುತ್ತೇವೆ. ‘ಇವತ್ತು ನೀವಾಗಿ ಕಂಡುಹಿಡಿದದ್ದು ಏನು?’ ಅನ್ನೋದು ಒಂದು. ಇನ್ನೊಂದನ್ನು ಹೇಳಲ್ಲ, ಮುಂದಿನ ಸಲಕ್ಕೂ ಬೇಕು.

ಮಳೆ ಬಂದರೆ ಇರಲಿ ಅಂತ ಲ್ಯಾಬಿನಲ್ಲೂ ಕಲ್ಲು ಜೋಡಿಸಿಟ್ಟಿದ್ದೆ. ಅದರಲ್ಲಿ ಒಂದು, ನಮ್ಮ ಊರಿಂದ ಸೂಟ್‌ಕೇಸಿನಲ್ಲಿ ತಂದ ರಾಮನಗರದ ಕ್ಲೋಸ್‌ಪೇಟೆ ಗ್ರಾನೈಟ್. 250 ಕೋಟಿ ವರ್ಷದ ಕಲ್ಲು, ಹೆಬ್ಬೆರಳಷ್ಟು ಉದ್ದದ ಗುಲಾಬಿ ಫೆಲ್ಡ್‌ಸ್ಪಾರ್ ಹರಳುಗಳು ಹೆಚ್ಚುಕಮ್ಮಿ ಒಂದೇ ದಿಕ್ಕಿಗೆ ಮಲಗಿವೆ. ಒಬ್ಬ ಅಭ್ಯರ್ಥಿಯ ದಿನ ಮಳೆ ಹೊಡೆದೇ ಬಿಟ್ಟಿತು. ಈ ಒಂದು ಕಲ್ಲಿನ ಮೇಲೇ ಮುಕ್ಕಾಲು ಗಂಟೆ ಪಾಠ ನಡೆಯಿತು. ನಮ್ಮ ಊರಿನ ಕಲ್ಲು ಅಲ್ವಾ, ನನಗೆ ಹೆಮ್ಮೆ.

ನಡುವೆ ಇನ್ನೂ ಕೆಲವು ಪ್ರಯೋಗ ಆದವು. ಅರ್ಜಿಯಲ್ಲಿ ಹೆಸರು ಮುಚ್ಚಿ ಓದಿದೆವು. ಪೇಪರ್ ಪಟ್ಟಿ ನೋಡಿದರೆ ಯಾರಂತ ತಿಳಿದೇ ತಿಳಿಯುತ್ತೆ, ಬಿಟ್ಟೆವು. ಜೂಮ್ ಸಂದರ್ಶನದ ಪ್ರಶ್ನೆಗಳನ್ನು ಎರಡು ದಿನ ಮೊದಲೇ ಕಳಿಸಿದೆವು. ಇದನ್ನು ಎಲ್ಲರೂ ಮಾಡಲೇಬೇಕು. ಉತ್ತರಗಳ ತೂಕವೇ ಬೇರೆ. ಶಿಫಾರಸು ಪತ್ರಗಳನ್ನು ಕೊನೇ ಮೂರು ಜನರಿಗೆ ಮಾತ್ರ ಕೇಳಿದೆವು. ಅದರಿಂದ ಏನೂ ಕಳೆದುಕೊಳ್ಳಲಿಲ್ಲ.

ವಿದೇಶದವರು ಆಯ್ಕೆಯಾಗುವ ಸಾಧ್ಯತೆ ಇದ್ದರೆ ಒಂದು ಮಾತು. ನಾನೂ ಆ ದಾರಿಯಲ್ಲೇ ಗ್ರೀನ್ ಕಾರ್ಡ್ ಪಡೆದವನು. ಪಾಠ ಮಾಡುವ ಹುದ್ದೆಗೆ ವಿಶೇಷ ಲೇಬರ್ ಸರ್ಟಿಫಿಕೇಶನ್ (ಗ್ರೀನ್ ಕಾರ್ಡ್‌ಗೆ ಮೊದಲು ಬೇಕಾದ ಕಾರ್ಮಿಕ ಇಲಾಖೆಯ ಒಪ್ಪಿಗೆ) ಇದೆ. ಆಯ್ಕೆಯಾದ ದಿನದಿಂದ 18 ತಿಂಗಳೊಳಗೆ ಅರ್ಜಿ ಹೋಗಬೇಕು. ಜಾಹೀರಾತು ರಾಷ್ಟ್ರಮಟ್ಟದ ವೃತ್ತಿ ಪತ್ರಿಕೆಯಲ್ಲಿ ಬಂದಿರಬೇಕು. ಆ ಪತ್ರಿಕೆಯ ವೆಬ್‌ಸೈಟಿನಲ್ಲಿ ಮಾತ್ರ ಹಾಕಿದರೆ ಕನಿಷ್ಠ 30 ದಿನ ಇರಲಿ, ಮೊದಲ ದಿನದ ಮತ್ತು ಕೊನೆಯ ದಿನದ ಪ್ರತಿ ತೆಗೆದಿಡಿ. ಆಮೇಲೆ ಹುಡುಕಿದರೆ ಸಿಗಲ್ಲ.

ಬರುವ ವರ್ಷ ಜಲವಿಜ್ಞಾನದ ಹುದ್ದೆ ಬರುತ್ತಿದೆ. ಈ ಸಲ ಬಂಡೆ ಬದಲು ಹೊಳೆ. ಟೇಪು, ಸ್ಟಾಪ್‌ವಾಚು, ನೀರಿನ ವೇಗ ನೋಡಲು ತೇಲಿಬಿಡೋಕೆ ಒಂದು ಚೀಲ ಕಿತ್ತಳೆ ಹಣ್ಣು. ವ್ಯಾನ್ ಖರ್ಚಿಗೆ ಡೀನ್ ಆಗಲೇ ಸಹಿ ಹಾಕಿದ್ದಾರೆ.