ಹೈಸ್ಕೂಲಿನಲ್ಲಿ ಸೇವಾ ಕ್ಲಬ್: ಎರಡನೇ ವರ್ಷಕ್ಕೂ ಉಳಿಯುವಂತೆ ಕಟ್ಟುವುದು ಹೇಗೆ

ಹೈಸ್ಕೂಲಿನ ಸೇವಾ ಕ್ಲಬ್‌ಗಳು ಸಾಮಾನ್ಯವಾಗಿ ನಿಂತುಹೋಗುವುದು ಮೊದಲ ಪರೀಕ್ಷೆಯ ಹೊತ್ತಿಗೆ. ಉದ್ಘಾಟನೆಗೆ ಬ್ಯಾನರ್, ಟೀ ಶರ್ಟ್, ಎಲ್ಲರೂ ಸೇರಿ ಒಂದು ದೊಡ್ಡ ಸ್ವಚ್ಛತಾ ಕಾರ್ಯಕ್ರಮ. ಆಮೇಲೆ ಮುಂದೇನು ಎಂದು ಯಾರಿಗೂ ಗೊತ್ತಿರುವುದಿಲ್ಲ. ಈ ಆರಂಭಶೂರತ್ವಕ್ಕೆ ನಾವು ಕಂಡ ಮದ್ದು ಒಂದೇ: ಒಂದು ಜಾಗ, ಒಂದು ಕೆಲಸ, ಹದಿನೈದು ದಿನಕ್ಕೊಮ್ಮೆಯಾದರೂ ತಪ್ಪದೆ, ವರ್ಷವಿಡೀ. ದೊಡ್ಡ ಕಾರ್ಯಕ್ರಮ ವರ್ಷಕ್ಕೆ ಒಂದು ಸಾಕು.

ಶುರುಮಾಡುವ ಮುನ್ನ

ಮೊದಲು ಒಬ್ಬ ಶಿಕ್ಷಕರನ್ನು ಒಪ್ಪಿಸಿ. "ಸರ್, ನಮ್ಮ ಕ್ಲಬ್‌ಗೆ ಮಾರ್ಗದರ್ಶಕರಾಗಿ" ಎಂದಷ್ಟೇ ಕೇಳಿದರೆ ಎಷ್ಟು ಹೊರೆ ಬೀಳುತ್ತದೋ ಎಂದು ಅವರು ಹಿಂಜರಿಯುವುದು ಸಹಜ. ಲೆಕ್ಕ ಹೇಳಿಯೇ ಕೇಳಿ: ತಿಂಗಳಿಗೆ 40 ನಿಮಿಷದ ಎರಡು ಸಭೆ, ಎರಡೆರಡು ಗಂಟೆಯ ಎರಡು ಹೊರಗಿನ ಕೆಲಸ, ಓಡಾಟವೂ ಸೇರಿ ಆರೇಳು ಗಂಟೆ. ಮುಖ್ಯೋಪಾಧ್ಯಾಯರಿಗೆ ಕೊಡುವ ಅರ್ಜಿ ಒಂದು ಪುಟ ದಾಟದಿರಲಿ. ಅದರಲ್ಲಿ ಏನು ಕೆಲಸ, ಎಲ್ಲಿ, ಯಾವ ವಾರ, ಜೊತೆಗೆ ಯಾವ ಹಿರಿಯರು ಇರುತ್ತಾರೆ, ಹಣ ಯಾರ ಕೈಯಲ್ಲಿರುತ್ತದೆ ಎಂಬ ಐದು ವಿಷಯ ಇದ್ದರೆ ಸಾಕು. ಕೊನೆಯ ಎರಡನ್ನೇ ಅವರು ಮೊದಲು ಓದುತ್ತಾರೆ.

ದೊಡ್ಡ ಅಂತರರಾಷ್ಟ್ರೀಯ ಸೇವಾ ಸಂಸ್ಥೆಗಳ ವಿದ್ಯಾರ್ಥಿ ಶಾಖೆಯಾಗುವ ದಾರಿಯೂ ಇದೆ. ಕಿವಾನಿಸ್‌ನ ಕೀ ಕ್ಲಬ್ 1925ರಿಂದ, ಲಯನ್ಸ್‌ನ ಲಿಯೋ ಕ್ಲಬ್ 1957ರಿಂದ, ರೋಟರಿಯ ಇಂಟರ್‌ಆಕ್ಟ್ 1962ರಿಂದ ನಡೆದುಬಂದಿವೆ. ಇಂಟರ್‌ಆಕ್ಟ್‌ಗೆ 12ರಿಂದ 18 ವರ್ಷದವರು ಸೇರಬಹುದು. ಆ ಸಂಸ್ಥೆಯ ಊರಿನ ಹಿರಿಯ ಸದಸ್ಯರ ಬೆಂಬಲ ಸಿಗುವುದು ಹೀಗೆ ಶಾಖೆಯಾಗುವುದರ ದೊಡ್ಡ ಅನುಕೂಲ. ಪ್ರತಿಯಾಗಿ ನಿಯಮ, ವರದಿಗಳ ಶಿಸ್ತು ಪಾಲಿಸಬೇಕಾಗುತ್ತದೆ. ಮೊದಲ ವರ್ಷ ಸ್ವತಂತ್ರವಾಗಿಯೇ ನಡೆಸಿ, ಕೆಲಸ ಕೈಗೆ ಹತ್ತಿದ ಮೇಲೆ ಸೇರುವುದು ಒಳ್ಳೆಯದು.

ಕೆಲಸ ಆರಿಸುವುದು

ನಮಗೆ ಏನು ಮಾಡಲು ಇಷ್ಟ ಎಂಬ ಚರ್ಚೆಯಿಂದ ಶುರುಮಾಡಬೇಡಿ. ಗ್ರಂಥಾಲಯ, ವೃದ್ಧಾಶ್ರಮ, ಪ್ರಾಥಮಿಕ ಶಾಲೆ, ಪ್ರಾಣಿಗಳ ಆಶ್ರಯಧಾಮ, ಹೀಗೆ ನಡೆದುಹೋಗುವಷ್ಟು ದೂರದಲ್ಲಿರುವ ಮೂರು ಕಡೆ ಹೋಗಿ ಕೇಳಿ: ಮಾಡಲು ಕೈ ಸಾಲದೆ ಉಳಿದಿರುವ ಕೆಲಸ ಯಾವುದು? ನಿಮ್ಮಲ್ಲಿ ಈಗಾಗಲೇ ಬೇಕಾದ್ದಕ್ಕಿಂತ ಹೆಚ್ಚು ಬಂದು ಬಿದ್ದಿರುವುದು ಏನು? ಒಂದು ಸಲಕ್ಕೆ ಎಷ್ಟು ಜನ ಬಂದರೆ ಅನುಕೂಲ, ಎಷ್ಟಾದರೆ ತೊಂದರೆ? ಹದಿನೆಂಟು ತುಂಬದವರಿಗೆ ಏನೇನು ನಿಷಿದ್ಧ?

ಎರಡನೇ ಪ್ರಶ್ನೆಯನ್ನು ಬಿಡಲೇಬೇಡಿ. ಹಳೆ ಬಟ್ಟೆ, ಹಳೆ ಆಟಿಕೆ ಮೂಟೆಗಟ್ಟಲೆ ಬಂದು ಬೀಳುವ ಜಾಗಗಳಿಗೆ ಮತ್ತೆ ಅದನ್ನೇ ಹೊತ್ತುಕೊಂಡು ಹೋದರೆ ನೀವು ಅವರಿಗೆ ಕೊಟ್ಟದ್ದು ವಿಂಗಡಿಸುವ ಕೆಲಸವನ್ನು. ಮೂರನೆಯದೂ ಅಷ್ಟೇ ಮುಖ್ಯ. ಆರು ಜನ ಸಾಕೆಂದ ಕಡೆ ಇಪ್ಪತ್ತೈದು ಮಂದಿ ಹೋದರೆ ಹತ್ತೊಂಬತ್ತು ಮಂದಿ ಗೋಡೆಗೆ ಒರಗಿ ಮೊಬೈಲ್ ನೋಡುತ್ತಾರೆ, ಮುಂದಿನ ಸಲ ಕರೆ ಬರುವುದಿಲ್ಲ. ಆರು ಜನ ಬೇಕಾದಲ್ಲಿ ಎಂಟು ಹೆಸರು ಬರೆದುಕೊಳ್ಳಿ. ಇಬ್ಬರು ಕೈಕೊಡುತ್ತಾರೆಂದೇ ಇಟ್ಟುಕೊಳ್ಳಿ. ಉಳಿದವರಿಗೆ ಮುಂದಿನ ಪಾಳಿ. ಪಾಳಿ ಎರಡು ಗಂಟೆ ಮೀರದಿರಲಿ.

ಸಣ್ಣ ಮಕ್ಕಳಿಗೆ ಓದಿಸುವುದು

ಹೈಸ್ಕೂಲಿನವರಿಗೆ ಇದಕ್ಕಿಂತ ಒಪ್ಪುವ ಕೆಲಸ ಸಿಗುವುದು ಕಷ್ಟ. ಖರ್ಚಿಲ್ಲ, ಮಳೆ ಬಂದರೂ ನಿಲ್ಲುವುದಿಲ್ಲ, ವಾರ ವಾರಕ್ಕೂ ಫಲ ಕಾಣುತ್ತದೆ. ಒಂದು ಮಗುವಿಗೆ ಒಬ್ಬ ದೊಡ್ಡ ವಿದ್ಯಾರ್ಥಿ, ಮೂವತ್ತು ನಿಮಿಷ, ತಿಂಗಳುಗಟ್ಟಲೆ ಅದೇ ಜೋಡಿ. ಮೊದಲ ಐದು ನಿಮಿಷ ದೊಡ್ಡವರು ಗಟ್ಟಿಯಾಗಿ ಓದಬೇಕು, ನಂತರದ ಹದಿನೈದು ನಿಮಿಷ ಮಗು ಓದಬೇಕು, ಕೊನೆಗೆ ಓದಿದ್ದರ ಬಗ್ಗೆ ಮಾತು.

ಎಡವುವುದು ನಡುವಿನ ಹದಿನೈದು ನಿಮಿಷದಲ್ಲಿ. ಮಗು ಒಂದು ಪದದ ಮುಂದೆ ನಿಂತ ಕೂಡಲೇ ದೊಡ್ಡವರು ಉತ್ತರ ಹೇಳಿಬಿಡುತ್ತಾರೆ. ನಾಲ್ಕು ಸಲ ಹೀಗಾದರೆ ಮಗು ಅಕ್ಷರ ನೋಡುವುದನ್ನೇ ಬಿಟ್ಟು ನಿಮ್ಮ ಮುಖ ನೋಡತೊಡಗುತ್ತದೆ. ಮನಸ್ಸಿನಲ್ಲೇ ಐದು ಎಣಿಸಿ. ಆಗಲೂ ಬಾರದಿದ್ದರೆ ಮೊದಲ ಅಕ್ಷರದ ಮೇಲೆ ಬೆರಳಿಡಿ, ಇಲ್ಲವೇ ಚಿತ್ರ ತೋರಿಸಿ. ಅದೂ ಆಗದಿದ್ದರೆ ಪದ ಹೇಳಿ, ವಾಕ್ಯವನ್ನು ಮತ್ತೊಮ್ಮೆ ಓದಿಸಿ. ಅರ್ಥ ಕೆಡದ ಸಣ್ಣ ತಪ್ಪುಗಳನ್ನು ಕಂಡೂ ಕಾಣದಂತೆ ಬಿಡಿ. ಪುಟಕ್ಕೆ ಐದಕ್ಕಿಂತ ಹೆಚ್ಚು ಪದಗಳಲ್ಲಿ ಮಗು ಸಿಕ್ಕಿಕೊಂಡರೆ ಪುಸ್ತಕ ಕಷ್ಟದ್ದಾಯಿತು, ಸುಲಭದ್ದನ್ನು ತನ್ನಿ. ಮುಂದಿನ ಸಲ ಓದಿಸುವವರಿಗೆ ಗೊತ್ತಾಗುವಂತೆ ಪುಸ್ತಕದ ಹೆಸರು, ನಿಂತ ಪುಟ, ಕಷ್ಟವಾದ ಎರಡು ಪದ ಇಷ್ಟನ್ನು ಒಂದು ಸಾಲಿನಲ್ಲಿ ಬರೆದಿಡಿ. ದೊಡ್ಡವರು ರಜೆ ಹಾಕಿದರೂ ಓದು ಅಲ್ಲಿಂದಲೇ ಮುಂದುವರಿಯುತ್ತದೆ.

ಬಾಗಿಲು ತೆರೆದಿರಲಿ. ಒಂದು ಮಗುವಿನ ಜೊತೆ ಒಬ್ಬರೇ ಒಂದು ಕೋಣೆಯಲ್ಲಿ ಇರುವಂತಿಲ್ಲ. ಎಲ್ಲ ಜೋಡಿಗಳೂ ಒಬ್ಬ ಶಿಕ್ಷಕರ ಕಣ್ಣಳತೆಯಲ್ಲಿ ಕೂರಬೇಕು. ಮಕ್ಕಳ ಫೋಟೊವನ್ನು ಪೋಷಕರ ಲಿಖಿತ ಒಪ್ಪಿಗೆ ಇಲ್ಲದೆ ತೆಗೆಯಬಾರದು. ವೃದ್ಧಾಶ್ರಮದಲ್ಲೂ ಇದೇ ಕಟ್ಟುನಿಟ್ಟು ಇರಲಿ. ನೆರವು ಪಡೆಯುತ್ತಿರುವವರ ಮುಖವನ್ನು ನಮ್ಮ ಪ್ರಚಾರಕ್ಕೆ ಬಳಸುವುದು ತಪ್ಪು, ಅವರು ಬೇಡವೆನ್ನದಿದ್ದರೂ ತಪ್ಪು.

ವರ್ಷಕ್ಕೊಂದು ಸಂಗ್ರಹ ಅಭಿಯಾನ

ಪುಸ್ತಕ ಸಂಗ್ರಹ ಸುಲಭ ಎನಿಸುತ್ತದೆ, ಕಷ್ಟ ತಿಳಿಯುವುದು ಮೂರನೇ ದಿನ. ಅಭಿಯಾನ ಐದು ಶಾಲಾ ದಿನ ಮಾತ್ರ ಇರಲಿ. ತಿಂಗಳು ಇಟ್ಟರೆ ಎಲ್ಲರೂ ನಾಳೆ ತಂದರಾಯಿತು ಎನ್ನುತ್ತಾರೆ. ಏನು ಬೇಡ ಎಂಬುದನ್ನು ಭಿತ್ತಿಪತ್ರದಲ್ಲಿ ದಪ್ಪಕ್ಷರದಲ್ಲಿ ಹಾಕಿ: ಹರಿದದ್ದು, ಬರೆದು ತುಂಬಿದ ಅಭ್ಯಾಸ ಪುಸ್ತಕ, ಬದಲಾಗಿಹೋದ ಪಠ್ಯಪುಸ್ತಕ, ಬೂಷ್ಟು ಹಿಡಿದದ್ದು.

ವಿಂಗಡಣೆಯನ್ನು ಕೊನೆಯ ದಿನಕ್ಕೆ ಇಡಬೇಡಿ. ಒಂದು ಪುಸ್ತಕ ತಿರುವಿ ನೋಡಲು ಅರ್ಧ ನಿಮಿಷವೆಂದರೂ 400 ಪುಸ್ತಕಕ್ಕೆ 200 ನಿಮಿಷ. ನಾಲ್ವರು ಕೂತರೆ 50 ನಿಮಿಷದ ಕೆಲಸ, ಒಬ್ಬರ ತಲೆಗೆ ಕಟ್ಟಿದರೆ ಮೂರು ಗಂಟೆ ಮೀರುತ್ತದೆ. ಮೂರು ರಾಶಿ ಮಾಡಿ: ಕೊಡುವುದು, ಅಂಟಿಸಿ ಸರಿಮಾಡುವುದು, ರದ್ದಿಗೆ ಹಾಕುವುದು. ಮುಗ್ಗುಲು ವಾಸನೆ ಬರುವ ಪುಸ್ತಕವನ್ನು ಆ ಕ್ಷಣವೇ ಬೇರೆ ಇಡಿ, ತೇವ ಇದ್ದರೆ ಬೂಷ್ಟು ಪಕ್ಕದ ಪುಸ್ತಕಗಳಿಗೂ ಹಬ್ಬುತ್ತದೆ. ಪೆಟ್ಟಿಗೆ ಚಿಕ್ಕದಿರಲಿ: ಮೂರೂ ಕಡೆ 30 ಸೆಂಟಿಮೀಟರ್ ಇರುವ ರಟ್ಟಿನ ಪೆಟ್ಟಿಗೆಗೆ ಪುಸ್ತಕ ತುಂಬಿದರೆ ಹನ್ನೆರಡು ಕೆ.ಜಿ. ದಾಟುವುದು ಸಾಮಾನ್ಯ. ಅದಕ್ಕಿಂತ ದೊಡ್ಡದನ್ನು ತುಂಬಿ ಎತ್ತಿದರೆ ತಳ ಕಿತ್ತುಬರುತ್ತದೆ, ಇಲ್ಲವೇ ಯಾರದಾದರೂ ಸೊಂಟ ಉಳುಕುತ್ತದೆ. ತಳಕ್ಕೆ ಉದ್ದಕ್ಕೂ ಅಡ್ಡಕ್ಕೂ ಟೇಪು ಹಾಕಿ.

ಹಣ ಸಂಗ್ರಹಿಸಿದರೆ ಇಬ್ಬರು ಕೂತು ಎಣಿಸಬೇಕು, ಇಬ್ಬರೂ ಸಹಿ ಹಾಕಬೇಕು, ಅದೇ ದಿನ ಶಾಲೆಯ ಕಚೇರಿಗೆ ಕಟ್ಟಿ ರಸೀದಿ ಪಡೆಯಬೇಕು. ಯಾರ ಮನೆಗೂ ಡಬ್ಬಿ ಹೋಗಬಾರದು. ಇದರಲ್ಲಿ ಯಾರ ಮೇಲಿನ ಅನುಮಾನವೂ ಇಲ್ಲ, ನಾಳೆ ಲೆಕ್ಕ ತಾಳೆಯಾಗದಿದ್ದರೆ ಖಜಾಂಚಿಯ ಮಾನ ಉಳಿಯಬೇಕು.

ಸಭೆ ಮತ್ತು ಗಂಟೆಗಳ ಲೆಕ್ಕ

ಸಭೆ 40 ನಿಮಿಷ. ಹಿಂದಿನ ನಡಾವಳಿ ಓದಲು ಐದು, ಮುಂದಿನ ಪಾಳಿಗೆ ಹೆಸರು ಬರೆಯಲು ಹತ್ತು, ತೊಂದರೆಗಳಿಗೆ ಇಪ್ಪತ್ತು, ಉಳಿದ ಐದರಲ್ಲಿ ಯಾರು ಏನನ್ನು ಯಾವ ದಿನಕ್ಕೆ ಮುಗಿಸುತ್ತಾರೆಂದು ಗಟ್ಟಿಯಾಗಿ ಓದಿ. "ಎಲ್ಲರೂ ಸೇರಿ ನೋಡಿಕೊಳ್ಳೋಣ" ಎಂದು ಬರೆದ ಕೆಲಸ ಆಗುವುದೇ ಇಲ್ಲ. ಪ್ರತಿ ಕೆಲಸದ ಮುಂದೆ ಒಂದೇ ಹೆಸರು ಇರಬೇಕು.

ಸೇವೆಯ ಗಂಟೆಗಳನ್ನು ಪ್ರಮಾಣಪತ್ರಕ್ಕೆ ಲೆಕ್ಕ ಹಾಕುವ ಶಾಲೆಗಳಲ್ಲಿ ಜಗಳ ಹುಟ್ಟುವುದೇ ಇಲ್ಲಿ. ದಿನಾಂಕ, ಬಂದ ಹೊತ್ತು, ಹೋದ ಹೊತ್ತು, ಮಾಡಿದ ಕೆಲಸ, ಅಲ್ಲಿನ ಮೇಲ್ವಿಚಾರಕರ ಸಹಿ, ಹೀಗೆ ಐದು ಕಾಲಂನ ಪುಸ್ತಕ ಸಾಕು. ಸಹಿ ಅದೇ ದಿನ ಆಗಬೇಕು. ವರ್ಷದ ಕೊನೆಗೆ ನೆನಪಿನಿಂದ ತುಂಬಿಸಿದ ಪುಸ್ತಕದಲ್ಲಿ ಒಂದು ಗಂಟೆ ಇದ್ದದ್ದು ಮೂರಾಗುತ್ತದೆ, ನಿಜವಾಗಿ ದುಡಿದವರಿಗೆ ಅನ್ಯಾಯವಾಗುತ್ತದೆ. ಪ್ರಯಾಣ ಲೆಕ್ಕಕ್ಕಿಲ್ಲ, ಸಿದ್ಧತೆ ಲೆಕ್ಕಕ್ಕಿದೆ ಎಂಬಂಥ ನಿಯಮವನ್ನು ಮೊದಲ ಸಭೆಯಲ್ಲೇ ಬರೆದಿಡಿ. ಗಂಟೆಗಾಗಿ ಮಾತ್ರ ಬಂದವರನ್ನು ಕಂಡು ಮೂಗು ಮುರಿಯಬೇಡಿ. ಒಂದು ಮಗುವಿಗೆ ನಾಲ್ಕು ವಾರ ಓದಿಸಿದ ಮೇಲೆ ಅವರಲ್ಲಿ ಹಲವರು ಗಂಟೆಯ ಮಾತು ಎತ್ತುವುದಿಲ್ಲ.

ಮುಂದಿನ ತಂಡಕ್ಕೆ ಒಪ್ಪಿಸುವುದು

ಪದಾಧಿಕಾರಿಗಳೆಲ್ಲ ಕೊನೆಯ ತರಗತಿಯವರೇ ಆದರೆ ಅವರು ಶಾಲೆ ಬಿಟ್ಟ ದಿನ ಕ್ಲಬ್ಬೂ ಹೋಗುತ್ತದೆ. ಉಪಾಧ್ಯಕ್ಷರೂ ಸಹಕಾರ್ಯದರ್ಶಿಯೂ ಕೆಳಗಿನ ತರಗತಿಯವರೇ ಆಗಿರಲಿ. ವರ್ಷ ಮುಗಿಯಲು ಎರಡು ತಿಂಗಳಿರುವಾಗಲೇ ಹೊಸಬರನ್ನು ಆರಿಸಿ, ಒಂದಿಡೀ ಪಾಳಿಯನ್ನು ಅವರೇ ನಡೆಸಲಿ, ಹಳಬರು ಪಕ್ಕದಲ್ಲಿ ಸುಮ್ಮನೆ ನಿಂತಿರಲಿ. ಕಡತದಲ್ಲಿ ಒಪ್ಪಿಗೆ ಪತ್ರದ ಮಾದರಿ, ಪಾಳಿ ಪಟ್ಟಿ, ಹಣದ ಲೆಕ್ಕ, ಪ್ರತಿ ಕಾರ್ಯಕ್ರಮದ ನಂತರ ಬರೆದ "ಮುಂದಿನ ಸಲ ಹೀಗೆ ಮಾಡಿ" ಎಂಬ ಅರ್ಧ ಪುಟ ಇರಬೇಕು. ಮೇಲ್ ಮತ್ತು ವಾಟ್ಸ್‌ಆ್ಯಪ್ ಗುಂಪು ವಿದ್ಯಾರ್ಥಿಯ ಹೆಸರಿನಲ್ಲಿ ಬೇಡ, ಮಾರ್ಗದರ್ಶಕ ಶಿಕ್ಷಕರ ಕೈಯಲ್ಲಿರಲಿ.

ರಜೆಗೆ ಮುನ್ನ ಹಳೆ ಅಧ್ಯಕ್ಷರು ಹೊಸಬರನ್ನು ಕರೆದುಕೊಂಡು ಆ ಪ್ರಾಥಮಿಕ ಶಾಲೆಗೋ ಗ್ರಂಥಾಲಯಕ್ಕೋ ಹೋಗಿ ಮುಖಾಮುಖಿ ಪರಿಚಯ ಮಾಡಿಸಬೇಕು, ರಜೆಯ ನಂತರದ ಮೊದಲ ಪಾಳಿಯ ದಿನಾಂಕವನ್ನು ಅಲ್ಲೇ ಗೊತ್ತುಮಾಡಿ ಇಬ್ಬರ ಪುಸ್ತಕದಲ್ಲೂ ಬರೆಸಬೇಕು.