ರಂಗಸಜ್ಜಿಕೆ ಮಾಡುವ ಡಿಗ್ರಿ ವಿದ್ಯಾರ್ಥಿಗಳೇ, ಮೊದಲು ರಟ್ಟಿನ ಮಾದರಿ ಮಾಡಿ

ಕಾಲೇಜು ನಾಟಕಕ್ಕೆ ಸೆಟ್ ಮಾಡುತ್ತಿದ್ದೀರಾ? ಪ್ಲೈವುಡ್ ತರುವ ಮೊದಲು ರಟ್ಟಿನಲ್ಲಿ ಒಂದು ಪುಟ್ಟ ರಂಗ ಕಟ್ಟಿ. ಅಳತೆ 1:25 ಇರಲಿ. ಅಂದರೆ ನಿಜವಾದ 1 ಮೀಟರ್‌ಗೆ ಮಾದರಿಯಲ್ಲಿ 4 ಸೆಂಟಿಮೀಟರ್. 30 ಅಡಿ ಅಗಲದ ವೇದಿಕೆ ಸುಮಾರು 36.5 ಸೆಂ.ಮೀ. ಆಗುತ್ತದೆ, ಮೇಜಿನ ಮೇಲೆ ಆರಾಮಾಗಿ ಕೂರುತ್ತದೆ. ಒಳಗಡೆ ಕಪ್ಪು ಬಣ್ಣ ಬಳಿಯಿರಿ.

ಮುಖ್ಯವಾದದ್ದು, ಮನುಷ್ಯನ ಆಕೃತಿ. ಐದೂವರೆ ಅಡಿ ಎತ್ತರದ ನಟನಿಗೆ 6.7 ಸೆಂ.ಮೀ. ರಟ್ಟಿನ ಗೊಂಬೆ ಸಾಕು. ಅದನ್ನು ನಿಲ್ಲಿಸದೆ ಮಾಡಿದ ಮಾದರಿ ನಮ್ಮ ಕಣ್ಣಿಗೇ ಮೋಸ ಮಾಡುತ್ತದೆ. ನಾವು ಹಾಗೇ ಮಾಡಿ, ಬಾಗಿಲು ನಟಿಯ ತಲೆಗೆ ತಾಗುವಷ್ಟು ಗಿಡ್ಡವಾಗಿತ್ತು. ಪ್ರದರ್ಶನದ ಹಿಂದಿನ ರಾತ್ರಿ ಮತ್ತೆ ಕೊಯ್ದೆವು. ಪಾಪ, ಯಾರೂ ನಿದ್ದೆ ಮಾಡಲಿಲ್ಲ.

ಆಮೇಲೆ ಮೊಬೈಲ್ ಕ್ಯಾಮೆರಾವನ್ನು ಮೊದಲ ಸಾಲಿನ ಎರಡೂ ತುದಿಯ ಸೀಟಿನ ಜಾಗದಲ್ಲಿಟ್ಟು ಫೋಟೋ ತೆಗೆಯಿರಿ. ಸೈಡ್ ವಿಂಗ್‌ನಲ್ಲಿ, ಅಂದರೆ ವೇದಿಕೆಯ ಪಕ್ಕದ ಮರೆಯಲ್ಲಿ, ಕಾಯುವ ನಟರು ಕಾಣುತ್ತಾರಾ, ಕಂಬ ಯಾರನ್ನಾದರೂ ಮುಚ್ಚುತ್ತದಾ, ಅಲ್ಲೇ ಗೊತ್ತಾಗುತ್ತದೆ. ಟಾರ್ಚ್‌ಗೆ ಬಣ್ಣದ ಜಿಲೆಟಿನ್ ಹಾಳೆ ಕಟ್ಟಿ ಬೆಳಕನ್ನೂ ನೋಡಬಹುದು.

ಸಾಧ್ಯವಾದರೆ ಹೆಗ್ಗೋಡಿನ ರಂಗಸಂಸ್ಥೆ ನೀನಾಸಂನ ತಿರುಗಾಟ ತಂಡದ ನಾಟಕ ನೋಡಿ. 1985ರಿಂದ ಊರೂರು ಸುತ್ತುವ ಪರಂಪರೆ ಅದು. ಬಿಚ್ಚಿ ಕಟ್ಟಲು ಸುಲಭವಾದ, ಕಡಿಮೆ ಸಾಮಾನಿನ ಸೆಟ್ ಎಷ್ಟು ಕೆಲಸ ಮಾಡುತ್ತದೆ ಅಂತ ಗಮನಿಸಿ.

ಮಾದರಿಯನ್ನು ಸುಮ್ನೆ ಎಸೆಯಬೇಡಿ. ಮೊದಲ ಗೀಚು, ಕೈಬಿಟ್ಟ ಯೋಚನೆ, ಪ್ರದರ್ಶನದ ಚಿತ್ರ, ಎಲ್ಲವನ್ನೂ ದಿನಾಂಕ ಹಾಕಿ ಇಟ್ಟುಕೊಳ್ಳಿ. ಮುಂದೆ ರಂಗಶಾಲೆಗೆ ಅರ್ಜಿ ಹಾಕುವಾಗ ತೋರಿಸಲು ಅದೇ ಬೇಕಾಗುತ್ತದೆ.